‘ಚೆನ್ನಾಗೇ ಇದೆಯಲ್ಲ’ ಅನ್ನುವ ಆ ಎರಡು ಗಂಟೆ

ನಾಯಿ ತಿನ್ನಬಾರದ್ದೇನೋ ತಿಂದಿದೆ ಎಂದು ಫೋನ್ ಬಂದಾಗ ನಾನು ಮೊದಲು ಕೇಳುವುದು, ಏನು ತಿಂದಿತು, ಎಷ್ಟು ಹೊತ್ತಾಯಿತು ಎಂದು. ಆ ಕಡೆಯಿಂದ ಬಹಳ ಸಲ ಬರುವ ಉತ್ತರ ಇದು: “ಡಾಕ್ಟ್ರೇ, ನಿನ್ನೆ ತಿಂದಿದ್ದು. ಆಗ ಚೆನ್ನಾಗೇ ಇತ್ತು. ಅದಕ್ಕೇ ಸುಮ್ನಿದ್ವಿ.” ಇವತ್ತು ನಾನು ಹೇಳಬೇಕಾದ್ದೆಲ್ಲ ಈ ಒಂದು ಉತ್ತರದ ಸುತ್ತಲೇ ಇದೆ. ವಿಷ ತಿಂದ ಪ್ರಾಣಿ ಚೆನ್ನಾಗಿ ಕಾಣುವ ಹೊತ್ತೇ ಅದನ್ನು ಸುಲಭವಾಗಿ ಉಳಿಸಿಕೊಳ್ಳಬಹುದಾದ ಹೊತ್ತು. ನಾವು ಅದೇ ಹೊತ್ತನ್ನು ಕಾಯುವುದರಲ್ಲಿ ಕಳೆಯುತ್ತೇವೆ.

ಯಾಕೆ ಹೀಗೆ ಹೇಳುತ್ತೇನೆ ಎಂದರೆ, ತಿಂದದ್ದು ಸಾಮಾನ್ಯವಾಗಿ ಒಂದೆರಡು ಗಂಟೆ ಹೊಟ್ಟೆಯಲ್ಲೇ ಇರುತ್ತದೆ. ಅಷ್ಟರೊಳಗೆ ಬಂದರೆ ಇಂಜೆಕ್ಷನ್ ಕೊಟ್ಟು ವಾಂತಿ ಮಾಡಿಸಬಹುದು. ಉಳಿದದ್ದನ್ನು ಹೀರಿಕೊಳ್ಳುವಂಥ ಇದ್ದಿಲ ಔಷಧಿ ಕುಡಿಸಬಹುದು. ಅದು ರಕ್ತಕ್ಕೆ ಸೇರಿದ ಮೇಲೆ ನಾವು ವಿಷದ ಹಿಂದೆ ಓಡಬೇಕು. ಡ್ರಿಪ್, ರಕ್ತ ಪರೀಕ್ಷೆ, ದಿನಗಟ್ಟಲೆ ಆಸ್ಪತ್ರೆ. ಖರ್ಚೂ ಜಾಸ್ತಿ, ಉಳಿಯುವ ಭರವಸೆಯೂ ಕಡಿಮೆ.

ಮೊದಲು ಅಡುಗೆಮನೆಗೆ ಹೋಗೋಣ. ನಮ್ಮಲ್ಲಿ ಬಹಳ ಮನೆಗಳಲ್ಲಿ ನಾಯಿಗೆ ಹಾಕುವುದು ನಾವು ಉಂಡು ಉಳಿದ ಅನ್ನ, ಸಾರು, ಹುಳಿ. ಪ್ರೀತಿಯಿಂದಲೇ ಹಾಕುತ್ತೇವೆ. ಆ ಹುಳಿಯಲ್ಲಿ ಈರುಳ್ಳಿ ಇದೆ, ಒಗ್ಗರಣೆಯಲ್ಲಿ ಬೆಳ್ಳುಳ್ಳಿ ಇದೆ. ಈರುಳ್ಳಿ ಜಾತಿಯ ಎಲ್ಲದರಲ್ಲೂ ಗಂಧಕ ಇರುವ ಕೆಲವು ವಸ್ತುಗಳಿವೆ. ಅವು ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಬೇಯಿಸಿದರೆ ಅದು ಹೋಗುವುದಿಲ್ಲ. ಒಣಗಿಸಿ ಪುಡಿ ಮಾಡಿದರೆ ಇನ್ನೂ ಗಾಢವಾಗುತ್ತದೆ. ಅಂಗಡಿಯ ಸೂಪ್ ಪುಡಿ, ಚಿಪ್ಸ್ ಮಸಾಲೆ, ನೂಡಲ್ಸ್ ಮಸಾಲೆಗಳಲ್ಲಿ ಈರುಳ್ಳಿ, ಬೆಳ್ಳುಳ್ಳಿ ಪುಡಿ ಇರುತ್ತದೆ. ಬೆಳ್ಳುಳ್ಳಿ ತೂಕಕ್ಕೆ ತೂಕ ನೋಡಿದರೆ ಈರುಳ್ಳಿಗಿಂತ ಹಲವು ಪಟ್ಟು ಜೋರು.

ಲೆಕ್ಕ ಹೇಳುತ್ತೇನೆ. ನಾಯಿಯ ತೂಕದ ಪ್ರತಿ ಕಿಲೋಗೆ 15ರಿಂದ 30 ಗ್ರಾಂ ಈರುಳ್ಳಿ ಹೋದರೆ ರಕ್ತದಲ್ಲಿ ತೊಂದರೆ ಕಾಣಿಸುತ್ತದೆ. 10 ಕಿಲೋ ನಾಯಿಗೆ ಅದು ಒಂದೂವರೆಯಿಂದ ಮೂರು ಈರುಳ್ಳಿ. ಬೆಕ್ಕಿಗೆ ಕಿಲೋಗೆ 5 ಗ್ರಾಂ ಸಾಕು. 4 ಕಿಲೋ ಬೆಕ್ಕಿಗೆ 20 ಗ್ರಾಂ ಎಂದರೆ ಒಂದು ಮಧ್ಯಮ ಗಾತ್ರದ ಈರುಳ್ಳಿಯ ಐದನೇ ಒಂದು ಭಾಗ. ಮೊಟ್ಟೆ ಬುರ್ಜಿಯನ್ನು ಬೆಕ್ಕು ತಟ್ಟೆಗೆ ಬಾಯಿ ಹಾಕಿ ತಿಂದರೆ ಅಷ್ಟು ಈರುಳ್ಳಿ ಸುಲಭವಾಗಿ ಹೊಟ್ಟೆಗೆ ಹೋಗುತ್ತದೆ. ಇದರಲ್ಲಿ ಮೋಸ ಎಲ್ಲಿದೆ ಎಂದರೆ, ಲಕ್ಷಣ ಅವತ್ತೇ ಬರುವುದಿಲ್ಲ. ಸಾಮಾನ್ಯವಾಗಿ ಮೂರರಿಂದ ಐದು ದಿನ ಬಿಟ್ಟು ಪ್ರಾಣಿ ಸುಸ್ತಾಗುತ್ತದೆ. ಒಸಡು ಬಿಳಿಚಿಕೊಳ್ಳುತ್ತದೆ. ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಅಷ್ಟು ಹೊತ್ತಿಗೆ ಆ ಬುರ್ಜಿಯ ನೆನಪು ಮನೆಯಲ್ಲಿ ಯಾರಿಗೂ ಇರುವುದಿಲ್ಲ.

ಈಗ ನಿಮ್ಮಲ್ಲಿ ಹಲವರ ಮನಸ್ಸಿನಲ್ಲಿ ಒಂದು ಪ್ರಶ್ನೆ ಬಂದಿರುತ್ತದೆ. “ನಮ್ಮಜ್ಜಿ ಮನೆ ನಾಯಿ ಹುಳಿ ಅನ್ನ ತಿಂದೇ ಬದುಕಿತ್ತಲ್ಲ, ಏನೂ ಆಗಲಿಲ್ಲವಲ್ಲ?” ನ್ಯಾಯವಾದ ಪ್ರಶ್ನೆ. 20 ಕಿಲೋ ತೂಗುವ ಊರ ನಾಯಿಗೆ ಒಂದು ಹೊತ್ತಿನ ಸಾರಿನಲ್ಲಿ ಹೋಗುವ ಈರುಳ್ಳಿ ಕಡಿಮೆ. ಅದರಿಂದ ಅದು ಸಾಯುವುದಿಲ್ಲ. ಆದರೆ ದಿನಾ ಸ್ವಲ್ಪ ಸ್ವಲ್ಪ ಹೋದಾಗ ರಕ್ತ ನಿಧಾನಕ್ಕೆ ಕಮ್ಮಿಯಾಗುತ್ತದೆ. ಆ ಕಾಲದಲ್ಲಿ ಆ ನಾಯಿಯ ರಕ್ತ ಪರೀಕ್ಷೆ ಯಾರೂ ಮಾಡಿಸಿರಲಿಲ್ಲ. “ವಯಸ್ಸಾಯ್ತು, ಸೋಮಾರಿ ಆಯ್ತು” ಎಂದು ನಾವು ಸುಮ್ಮನಾಗಿರುತ್ತೇವೆ. ಇವತ್ತು ನಮ್ಮ ಫ್ಲ್ಯಾಟ್‌ಗಳಲ್ಲಿ ಇರುವುದು 3 ಕಿಲೋ, 5 ಕಿಲೋ ತೂಗುವ ನಾಯಿಗಳು. ಅದೇ ಒಂದು ಸೌಟು ಹುಳಿ ಅದಕ್ಕೆ ಬೇರೆಯೇ ಲೆಕ್ಕ. ಮನೆ ಊಟ ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ಒಗ್ಗರಣೆ ಹಾಕುವ ಮೊದಲೇ ಬೇಳೆ, ತರಕಾರಿ ಎತ್ತಿಡಿ. ಅನ್ನ, ಮುದ್ದೆ, ಬೇಯಿಸಿದ ಮೊಟ್ಟೆ, ಉಪ್ಪು ಖಾರ ಹಾಕದ ಕೋಳಿ, ಕುಂಬಳಕಾಯಿ, ಕ್ಯಾರೆಟ್, ಇವೆಲ್ಲ ನಾಯಿಗೆ ಆಗುತ್ತವೆ.

ಇನ್ನು ದ್ರಾಕ್ಷಿಯ ಕಥೆ. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಇದು ಕೊನೆಗೆ ನಮ್ಮ ಅಡುಗೆಮನೆಯ ಹುಣಸೆಹಣ್ಣಿಗೆ ಬಂದು ನಿಲ್ಲುತ್ತದೆ.

ದ್ರಾಕ್ಷಿ, ಒಣದ್ರಾಕ್ಷಿ ತಿಂದ ಕೆಲವು ನಾಯಿಗಳ ಕಿಡ್ನಿ ಕೈಕೊಡುತ್ತದೆ ಎಂದು ಪಶುವೈದ್ಯರಿಗೆ ಬಹಳ ವರ್ಷಗಳಿಂದ ಗೊತ್ತಿತ್ತು. ಯಾವ ವಸ್ತುವಿನಿಂದ ಎಂದು ಗೊತ್ತಿರಲಿಲ್ಲ. ಒಂದು ನಾಯಿ ಬಟ್ಟಲು ತುಂಬಾ ತಿಂದು ಆರಾಮಾಗಿರುತ್ತಿತ್ತು. ಇನ್ನೊಂದು ಒಂದು ಹಿಡಿ ತಿಂದು ಮೂರನೇ ದಿನಕ್ಕೆ ಮೂತ್ರ ನಿಂತು ಸಾಯುತ್ತಿತ್ತು. ಕೀಟನಾಶಕ ಇರಬಹುದೇ, ಬೂಷ್ಟು ಇರಬಹುದೇ ಎಂದೆಲ್ಲ ಅನುಮಾನ ಪಟ್ಟರು. ಆಮೇಲೆ ಅಮೆರಿಕದಲ್ಲಿ ಪ್ರಾಣಿಗಳ ವಿಷ ಪ್ರಕರಣಗಳಿಗೆ ಸಲಹೆ ಕೊಡುವ ಎಎಸ್‌ಪಿಸಿಎ ಕೇಂದ್ರದ ವೈದ್ಯರಿಗೆ ಬೇರೆ ಕಡೆಯಿಂದ ಸುಳಿವು ಸಿಕ್ಕಿತು. ಮಕ್ಕಳ ಆಟಕ್ಕೆಂದು ಮನೆಯಲ್ಲೇ ಮಾಡಿದ ಹಿಟ್ಟಿನ ಮುದ್ದೆ ತಿಂದ ನಾಯಿಯಲ್ಲೂ ಥೇಟ್ ದ್ರಾಕ್ಷಿ ತಿಂದ ನಾಯಿಯ ಲಕ್ಷಣಗಳೇ ಕಂಡವು. ಆ ಹಿಟ್ಟಿಗೆ ಕ್ರೀಮ್ ಆಫ್ ಟಾರ್ಟರ್ ಎಂಬ ಪುಡಿ ಹಾಕುತ್ತಾರೆ. ಅದು ಟಾರ್ಟಾರಿಕ್ ಆಮ್ಲದ ಒಂದು ಲವಣ. ದ್ರಾಕ್ಷಿಯ ಹುಳಿಯೂ ಬಹುಪಾಲು ಅದೇ ಆಮ್ಲದ್ದು. 2021ರಲ್ಲಿ ಅವರು ಈ ಅನುಮಾನವನ್ನು ಪ್ರಕಟಿಸಿದರು. ಮರುವರ್ಷ ಬಂದ ಲೇಖನದಲ್ಲಿ ಹುಣಸೆಹಣ್ಣು ತಿಂದು ಕಿಡ್ನಿ ಕೆಟ್ಟ ನಾಯಿಗಳ ವಿವರವೂ ಇತ್ತು.

ದ್ರಾಕ್ಷಿಯ ತಳಿ, ಎಷ್ಟು ಹಣ್ಣಾಗಿದೆ ಎನ್ನುವುದರ ಮೇಲೆ ಈ ಆಮ್ಲ ಹೆಚ್ಚು ಕಡಿಮೆ ಆಗುತ್ತದೆ. ಒಂದು ನಾಯಿಗೆ ಆಗಿ ಇನ್ನೊಂದಕ್ಕೆ ಆಗದೆ ಇದ್ದದ್ದು ಯಾಕೆ ಎನ್ನುವುದಕ್ಕೆ ಇದು ಒಳ್ಳೆಯ ಉತ್ತರ. ಹಾಗಾಗಿ ಇಷ್ಟು ದ್ರಾಕ್ಷಿ ಪರವಾಗಿಲ್ಲ ಎಂದು ನಾನು ಯಾರಿಗೂ ಹೇಳುವುದಿಲ್ಲ. ವಿಜಯಪುರದ ಕಡೆಯಿಂದ ಬಂದ ನೆಂಟರು ಒಣದ್ರಾಕ್ಷಿ ಕಿಲೋಗಟ್ಟಲೆ ತಂದುಕೊಡುತ್ತಾರೆ, ಅಲ್ವಾ? ಆ ಚೀಲ ನಾಯಿಗೆ ಎಟುಕದ ಕಡೆ ಇಡಿ. ಕೇಸರಿಬಾತ್, ಪಾಯಸ, ಕ್ರಿಸ್‌ಮಸ್ ಕೇಕ್, ಇವುಗಳಲ್ಲಿ ದ್ರಾಕ್ಷಿ ಇರುತ್ತದೆ ಎನ್ನುವುದು ಮಕ್ಕಳಿಗೂ ಗೊತ್ತಿರಲಿ. ಮಕ್ಕಳೇ ಜಾಸ್ತಿ ಹಂಚಿ ತಿನ್ನುವವರು.

ಹುಣಸೆಹಣ್ಣಿನ ವಿಷಯಕ್ಕೆ ಬರುತ್ತೇನೆ. ಹುಣಸೆಯಲ್ಲಿ ಟಾರ್ಟಾರಿಕ್ ಆಮ್ಲ ದ್ರಾಕ್ಷಿಗಿಂತ ತುಂಬಾ ಹೆಚ್ಚು. ಸಾರಿನ ನಾಲ್ಕು ಹನಿ ನೆಲದಿಂದ ನೆಕ್ಕಿದ್ದಕ್ಕೆ ಗಾಬರಿ ಆಗಬೇಡಿ. ಅದರಲ್ಲಿರುವುದು ತೀರಾ ಕಡಿಮೆ. ನೋಡಿಕೊಳ್ಳಬೇಕಾದ್ದು ಗಟ್ಟಿ ಹುಣಸೆಯನ್ನು. ಬಿಸಿಲಿಗೆ ಒಣಹಾಕಿದ ಹುಣಸೆ, ಪುಳಿಯೋಗರೆ ಗೊಜ್ಜು, ಬೆಲ್ಲ ಹಾಕಿ ಕುಟ್ಟಿದ ಚಿಗಳಿ. ಚಿಗಳಿ ಸಿಹಿಯಾಗಿರುತ್ತದೆ, ನಾಯಿ ಕಡ್ಡಿ ಸಮೇತ ಕಚ್ಚಿಕೊಂಡು ಹೋಗುತ್ತದೆ. ಇನ್ನೊಂದು ಜಾಗ ಯಾರೂ ಯೋಚಿಸದ್ದು. ಹಬ್ಬದ ಹಿಂದಿನ ದಿನ ಹಿತ್ತಾಳೆ ದೀಪ, ದೇವರ ಪಾತ್ರೆ ಹುಣಸೆಹಣ್ಣು ಹಾಕಿ ತಿಕ್ಕುತ್ತೇವೆ. ಆ ಹುಣಸೆ ಚರಟ ಹಿತ್ತಲ ಕಲ್ಲಿನ ಮೇಲೇ ಉಳಿಯುತ್ತದೆ. ಕೆಲಸ ಮುಗಿದ ತಕ್ಷಣ ಅದನ್ನು ಮುಚ್ಚಳ ಇರುವ ಕಸದ ಬುಟ್ಟಿಗೆ ಹಾಕಿ. ದ್ರಾಕ್ಷಿ, ಹುಣಸೆ ಎರಡರಲ್ಲೂ ಮೊದಲ ದಿನ ವಾಂತಿ ಬರಬಹುದು. ಕಿಡ್ನಿ ಕೆಟ್ಟದ್ದು ಗೊತ್ತಾಗುವುದು ಒಂದರಿಂದ ಮೂರು ದಿನದೊಳಗೆ. ಮೊದಲ ದಿನವೇ ಡ್ರಿಪ್ ಹಾಕಿದರೆ ಬಹಳ ನಾಯಿಗಳು ಉಳಿಯುತ್ತವೆ.

ಚಾಕೊಲೇಟ್ ಬಗ್ಗೆ ನಿಮ್ಮಲ್ಲಿ ಎಲ್ಲರೂ ಕೇಳಿದ್ದೀರಿ. ಆದ್ದರಿಂದ ಬೇಗ ಮುಗಿಸುತ್ತೇನೆ. ಅದರಲ್ಲಿರುವ ಥಿಯೋಬ್ರೊಮಿನ್ ಎಂಬ ವಸ್ತು ನಮ್ಮ ದೇಹದಿಂದ ಬೇಗ ಹೊರಹೋಗುತ್ತದೆ. ನಾಯಿಯ ದೇಹದಲ್ಲಿ ಅರ್ಧ ಕರಗಲಿಕ್ಕೇ ಸುಮಾರು 17 ಗಂಟೆ ಬೇಕು. ನಾಯಿಯ ತೂಕದ ಕಿಲೋಗೆ 20 ಮಿಲಿಗ್ರಾಂ ಹೋದರೆ ವಾಂತಿ, ಭೇದಿ, ಚಡಪಡಿಕೆ. 40ರಿಂದ 50 ಆದರೆ ಎದೆಬಡಿತದಲ್ಲಿ ಏರುಪೇರು. 60 ದಾಟಿದರೆ ಫಿಟ್ಸ್. ಹಾಲಿನ ಚಾಕೊಲೇಟಿನ ಒಂದು ಗ್ರಾಂನಲ್ಲಿ ಸುಮಾರು 2 ಮಿಲಿಗ್ರಾಂ ಇರುತ್ತದೆ. ಡಾರ್ಕ್ ಚಾಕೊಲೇಟಿನಲ್ಲಿ 5 ಅಥವಾ ಇನ್ನೂ ಹೆಚ್ಚು. ಕೇಕ್ ಮಾಡುವ ಕೋಕೋ ಪುಡಿಯಲ್ಲಿ 20 ದಾಟುತ್ತದೆ. ಅಂದರೆ 10 ಕಿಲೋ ನಾಯಿ 100 ಗ್ರಾಂ ಹಾಲಿನ ಚಾಕೊಲೇಟ್ ತಿಂದರೆ ವಾಂತಿ ಭೇದಿಯಲ್ಲಿ ಮುಗಿಯಬಹುದು. ಅಷ್ಟೇ ಡಾರ್ಕ್ ಚಾಕೊಲೇಟ್ ತಿಂದರೆ ಪ್ರಾಣಕ್ಕೇ ಅಪಾಯ. ವಿದೇಶದಿಂದ ಮಗ ಮಗಳು ಬಂದಾಗ ಸೂಟ್‌ಕೇಸ್ ನೆಲದ ಮೇಲೆ ತೆರೆದಿಡುತ್ತೇವಲ್ಲ, ಅವತ್ತು ನಾಯಿಯನ್ನು ಇನ್ನೊಂದು ರೂಮಿನಲ್ಲಿ ಬಿಡಿ.

ಕಾಫಿಯೂ ಇದೇ ಗುಂಪು. ಫಿಲ್ಟರಿನಲ್ಲಿ ಉಳಿದ ಕಾಫಿ ಚರಟದಲ್ಲೂ ಕೆಫೀನ್ ಇರುತ್ತದೆ. ಅದನ್ನು ಗಿಡಕ್ಕೆ ಹಾಕುವ ಅಭ್ಯಾಸ ತುಂಬ ಮನೆಗಳಲ್ಲಿದೆ. ಕುಂಡ ಕೆದಕುವ ನಾಯಿ ಇದ್ದರೆ ಮಣ್ಣಿನ ಮೇಲೆ ಹಾಗೇ ಸುರಿಯಬೇಡಿ.

ಸಕ್ಕರೆ ಇಲ್ಲದ ಚೂಯಿಂಗ್ ಗಮ್, ಕೆಲವು ಪೆಪ್ಪರ್‌ಮಿಂಟು, ಕೆಲವು ಟೂತ್‌ಪೇಸ್ಟುಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿ ಇರುತ್ತದೆ. ಲೇಬಲ್ ಮೇಲೆ ಹೆಸರು ಬರೆಯದೆ ಐಎನ್‌ಎಸ್ 967 ಅಥವಾ ಇ967 ಎಂದು ಮಾತ್ರ ಇದ್ದರೂ ಅದು ಇದೇ. ನಮಗೆ ಇದರಿಂದ ಏನೂ ಆಗುವುದಿಲ್ಲ. ನಾಯಿಯ ದೇಹ ಮಾತ್ರ ಇದನ್ನು ಸಕ್ಕರೆ ಎಂದೇ ತಿಳಿದು ಇನ್ಸುಲಿನ್ ಸುರಿಸುತ್ತದೆ. ಹತ್ತು ನಿಮಿಷದಿಂದ ಒಂದು ಗಂಟೆಯೊಳಗೆ ರಕ್ತದ ಸಕ್ಕರೆ ಪಾತಾಳಕ್ಕೆ ಇಳಿಯುತ್ತದೆ. ನಾಯಿ ತೂರಾಡುತ್ತದೆ, ಬೀಳುತ್ತದೆ. ತೂಕದ ಕಿಲೋಗೆ 0.1 ಗ್ರಾಂ ಸಾಕು. ಅರ್ಧ ಗ್ರಾಂ ಆದರೆ ಲಿವರ್ ಕೂಡ ಹೋಗಬಹುದು. ಇಲ್ಲಿ ಎರಡು ಗಂಟೆಯ ಲೆಕ್ಕವೂ ಇಲ್ಲ, ತಕ್ಷಣ ಹೊರಡಬೇಕು. ನಮ್ಮ ದೇಶದಲ್ಲಿ ಸಕ್ಕರೆ ಕಾಯಿಲೆಯವರ ತಿನಿಸುಗಳಿಗೆ ಬೇರೆ ಬೇರೆ ಸಿಹಿ ಬಳಸುತ್ತಾರೆ, ಎಲ್ಲದರಲ್ಲೂ ಇದೇ ಇರುವುದಿಲ್ಲ. ಆದ್ದರಿಂದ ಲೇಬಲ್ ಓದಿ. ಅಮೆರಿಕದಲ್ಲಿರುವ ನಿಮ್ಮ ಮಕ್ಕಳಿಗೂ ಹೇಳಿ. ಅಲ್ಲಿ ಕೆಲವು ಕಡಲೆಕಾಯಿ ಬೆಣ್ಣೆಗೂ ಇದನ್ನು ಹಾಕುತ್ತಾರೆ. ನಾಯಿಗೆ ಮಾತ್ರೆ ನುಂಗಿಸಲು ಅವರು ಅದೇ ಬೆಣ್ಣೆ ಬಳಸುತ್ತಾರೆ.

ವಿಷಯ ಸ್ವಲ್ಪ ಆ ಕಡೆ ಹೋಗುತ್ತದೆ, ಆದರೂ ಹೇಳುತ್ತೇನೆ. ಎಲೆ ಅಡಿಕೆ ತಟ್ಟೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ವಸ್ತುವನ್ನು ಒಂದು ಕಾಲದಲ್ಲಿ ನಾಯಿಗಳ ಲಾಡಿಹುಳು ತೆಗೆಯುವ ಔಷಧಿಯಾಗಿ ಬಳಸುತ್ತಿದ್ದರು. ನ್ಯೂಜಿಲೆಂಡಿನಲ್ಲಿ ಕುರಿ ಕಾಯುವ ನಾಯಿಗಳಿಗೆ ಅದನ್ನು ಕೊಟ್ಟು ಭೇದಿ ಮಾಡಿಸುತ್ತಿದ್ದರು. ನಾಯಿಯ ಕರುಳಿನ ಮೇಲೆ ಅದರ ಪ್ರಭಾವ ಅಷ್ಟು ಜೋರು. ಕೈತಪ್ಪಿದರೆ ಜೊಲ್ಲು, ಭೇದಿ, ಸುಸ್ತು, ಎದೆಬಡಿತ ಇಳಿಯುವುದು ಎಲ್ಲ ಆಗುತ್ತದೆ. ಪಕ್ಕದಲ್ಲೇ ಇರುವ ಸುಣ್ಣ ಬಾಯಿ ಸುಡುತ್ತದೆ. ಹೊಗೆಸೊಪ್ಪಿನ ನಿಕೋಟಿನ್ ಇನ್ನೂ ಕೆಟ್ಟದ್ದು, ಫಿಟ್ಸ್ ತರಿಸುತ್ತದೆ. ಜಗುಲಿಯ ಮೇಲೆ ತಟ್ಟೆ ಬಿಟ್ಟು ಒಳಗೆ ಹೋಗುವ ಅಭ್ಯಾಸ ಇದ್ದರೆ ಅದೊಂದನ್ನು ಬದಲಿಸಿಕೊಳ್ಳಿ.

ಈಗ ಬೆಕ್ಕು ಸಾಕಿದವರು ಸ್ವಲ್ಪ ಗಮನ ಕೊಡಿ. ನಾಯಿಯ ಬಗ್ಗೆ ನಾನು ಹೇಳಿದ್ದನ್ನೆಲ್ಲ ಸಣ್ಣದು ಮಾಡಿ ಬೆಕ್ಕಿಗೆ ಹೊಂದಿಸಲು ಆಗುವುದಿಲ್ಲ. ಬೆಕ್ಕಿನ ಲಿವರ್ ಬೇರೆ ಥರ. ನಮ್ಮ ಲಿವರ್ ಹಲವು ವಿಷಗಳಿಗೆ ಸಕ್ಕರೆಯಂಥ ಒಂದು ತುಣುಕನ್ನು ಅಂಟಿಸುತ್ತದೆ. ಪಾರ್ಸೆಲ್‌ಗೆ ಚೀಟಿ ಅಂಟಿಸಿದ ಹಾಗೆ. ಆ ಚೀಟಿ ನೋಡಿಯೇ ಕಿಡ್ನಿ ಅದನ್ನು ಹೊರಗೆ ಕಳಿಸುತ್ತದೆ. ಬೆಕ್ಕಿನಲ್ಲಿ ಈ ಕೆಲಸ ಮಾಡುವ ಒಂದು ಮುಖ್ಯ ಜೀನ್ ಕೆಟ್ಟುಹೋಗಿದೆ. ಸಿಂಹ, ಚೀತಾಗಳಲ್ಲೂ ಹೀಗೇ. ಮಾಂಸವನ್ನೇ ತಿಂದು ಬದುಕುವ ಪ್ರಾಣಿಗೆ ಗಿಡಮೂಲದ ವಿಷಗಳನ್ನು ಕರಗಿಸುವ ಅಗತ್ಯ ಅಷ್ಟಾಗಿ ಬೀಳಲಿಲ್ಲ, ಹಾಗಾಗಿ ಆ ಶಕ್ತಿ ಕಳೆದುಹೋಯಿತು ಎಂದು ವಿಜ್ಞಾನಿಗಳು ಹೇಳುತ್ತಾರೆ.

ಇದರ ಪರಿಣಾಮ ನಮ್ಮ ಮನೆಯಲ್ಲಿ ಎರಡು ಕಡೆ ಕಾಣುತ್ತದೆ. ಒಂದು, ಜ್ವರದ ಮಾತ್ರೆ. ಪ್ಯಾರಸಿಟಮಾಲ್ ಬೆಕ್ಕಿಗೆ ಕಿಲೋಗೆ 10 ಮಿಲಿಗ್ರಾಂ ಆದರೂ ವಿಷವಾಗಬಹುದು. ನಮ್ಮ ಮನೆಯಲ್ಲಿರುವುದು 500, 650ರ ಮಾತ್ರೆ. “ಪಾಪ, ಮೈ ಬಿಸಿ ಇದೆ” ಎಂದು ಅರ್ಧ ಮಾತ್ರೆ ಕೊಟ್ಟರೆ 4 ಕಿಲೋ ಬೆಕ್ಕು ಸಾಯಬಹುದು. ರಕ್ತ ಆಮ್ಲಜನಕ ಹೊರುವುದನ್ನೇ ನಿಲ್ಲಿಸುತ್ತದೆ. ಒಸಡು ಚಾಕೊಲೇಟ್ ಬಣ್ಣಕ್ಕೆ ತಿರುಗುತ್ತದೆ, ಮುಖ, ಪಾದ ಊದಿಕೊಳ್ಳುತ್ತವೆ. ಇದಕ್ಕೆ ಪ್ರತ್ಯೌಷಧ ಇದೆ. ಬೇಗ ಬಂದರೆ ಉಳಿಸಬಹುದು.

ಒಂದು ಪ್ರಾಣಿಗೆ ಔಷಧಿ, ಇನ್ನೊಂದಕ್ಕೆ ವಿಷ ಎನ್ನುವುದಕ್ಕೆ ನಮ್ಮ ದೇಶ ಒಂದು ದೊಡ್ಡ ಬೆಲೆ ತೆತ್ತಿದೆ. ದನಗಳ ನೋವಿಗೆ ಡೈಕ್ಲೋಫೆನಾಕ್ ಕೊಡುತ್ತಿದ್ದರು. ಅಂಥ ದನ ಸತ್ತಾಗ ಅದನ್ನು ತಿಂದ ರಣಹದ್ದುಗಳ ಕಿಡ್ನಿ ನಾಶವಾಗುತ್ತಿತ್ತು. 1990ರ ದಶಕದಿಂದ ಕೆಲವೇ ವರ್ಷಗಳಲ್ಲಿ ಕೋಟಿಗಟ್ಟಲೆ ಇದ್ದ ರಣಹದ್ದುಗಳು ಹೆಚ್ಚುಕಡಿಮೆ ಇಲ್ಲವಾದವು. 2006ರಲ್ಲಿ ದನಗಳಿಗೆ ಆ ಔಷಧಿ ಕೊಡುವುದನ್ನು ನಿಷೇಧಿಸಿದರು. ರಾಮನಗರದ ರಾಮದೇವರ ಬೆಟ್ಟದಲ್ಲಿ ಈಗ ಉಳಿದ ಬೆರಳೆಣಿಕೆಯ ಹಕ್ಕಿಗಳನ್ನು ಜೋಪಾನ ಮಾಡುತ್ತಿದ್ದಾರೆ. ನಿಮ್ಮ ಮೊಣಕಾಲು ನೋವಿನ ಮಾತ್ರೆಯನ್ನು ಕುಂಟುವ ನಾಯಿಗೆ ಕೊಡುವ ಮೊದಲು ಇದು ನೆನಪಿರಲಿ. ಡೈಕ್ಲೋಫೆನಾಕ್, ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ.

ಎರಡನೆಯದು ನೆಲ ಒರೆಸುವ ಫಿನಾಯಿಲ್. ಕಪ್ಪು ಫಿನಾಯಿಲಿನಲ್ಲಿ ಫೀನಾಲ್ ಜಾತಿಯ ವಸ್ತುಗಳಿವೆ. ಬೆಕ್ಕಿಗೆ ಹೊರಹಾಕಲು ಕಷ್ಟ ಎಂದೆನಲ್ಲ, ಅಂಥವೇ ಇವು. ಬೆಕ್ಕು ಬಾಟಲಿಯಿಂದ ಕುಡಿಯುವುದಿಲ್ಲ. ಒದ್ದೆ ನೆಲದ ಮೇಲೆ ನಡೆಯುತ್ತದೆ, ಆಮೇಲೆ ಕೂತು ಪಾದ ನೆಕ್ಕುತ್ತದೆ. ಎಚ್ಚರವಾಗಿರುವಾಗ ಅದು ಆಗಾಗ ಮೈ ನೆಕ್ಕುತ್ತಲೇ ಇರುತ್ತದೆ. ಬಣ್ಣದ, ಸುವಾಸನೆಯ ನೆಲದ ಲಿಕ್ವಿಡ್ ತೆಗೆದುಕೊಂಡರೆ ಲೇಬಲ್ ಹಿಂದೆ ಬೆಂಜಾಲ್ಕೋನಿಯಂ ಕ್ಲೋರೈಡ್ ಎಂದು ಇರಬಹುದು. ಅದು ಬೆಕ್ಕಿನ ನಾಲಿಗೆ ಸುಡುತ್ತದೆ. ನೆಕ್ಕಿದ ಕೆಲವು ಗಂಟೆಗಳ ಮೇಲೆ ಜೊಲ್ಲು, ಜ್ವರ, ನಾಲಿಗೆಯ ಮೇಲೆ ಹುಣ್ಣು ಕಾಣಿಸುತ್ತವೆ. ಊಟ ಬಿಟ್ಟ ಬೆಕ್ಕನ್ನು ತಂದು, ಏನೂ ತಿಂದಿಲ್ಲ ಡಾಕ್ಟ್ರೇ ಎನ್ನುತ್ತಾರೆ. ಬಾಯಿ ತೆರೆದರೆ ನಾಲಿಗೆ ಕೆಂಡದ ಬಣ್ಣ. ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ಗಿಡದಿಂದ ಬಂದದ್ದು, ಹಾಗಾಗಿ ಸುರಕ್ಷಿತ ಎಂದುಕೊಳ್ಳಬೇಡಿ. ಬೆಕ್ಕಿಗೆ ಅವೂ ವಿಷವೇ.

ಟಾಯ್ಲೆಟ್ ತೊಳೆಯುವ ಲಿಕ್ವಿಡ್‌ನಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಪೈಪ್ ಕಟ್ಟಿದಾಗ ಹಾಕುವ ಪುಡಿ ಕಾಸ್ಟಿಕ್ ಸೋಡಾ. ಎರಡೂ ಬಾಯಿ, ಅನ್ನನಾಳ ಸುಡುತ್ತವೆ. ಕಮೋಡಿಗೆ ಹಾಕಿ ನೆನೆಯಲು ಬಿಟ್ಟರೆ ಮುಚ್ಚಳ ಹಾಕಿ, ಬಾಗಿಲೂ ಹಾಕಿ. ಇದಕ್ಕಿಂತ ದೊಡ್ಡ ಅಪಾಯ ಬೆರೆಸುವುದು. ಬ್ಲೀಚಿಂಗ್ ಪೌಡರಿಗೆ ಆಸಿಡ್ ಬಿದ್ದರೆ ಕ್ಲೋರಿನ್ ಅನಿಲ ಬರುತ್ತದೆ. ನಾಯಿಮರಿ ಮೂತ್ರ ಮಾಡಿದ ಜಾಗಕ್ಕೆ ನೇರ ಬ್ಲೀಚ್ ಸುರಿದರೂ ಮೂತ್ರದ ಅಮೋನಿಯ ಜೊತೆ ಸೇರಿ ಕೆಟ್ಟ ಅನಿಲ ಏಳುತ್ತದೆ. ಮೊದಲು ನೀರು, ಸೋಪು ಹಾಕಿ ತೊಳೆಯಿರಿ. ಆ ಅನಿಲ ನೆಲದ ಹತ್ತಿರವೇ ತಂಗುತ್ತದೆ. ನಾಯಿಯ ಮೂಗು ಇರುವುದೂ ಅಲ್ಲೇ.

ಬೀರುವಿನ ನುಸಿ ಗುಳಿಗೆ ನ್ಯಾಫ್ತಲಿನ್‌ನದ್ದಾದರೆ ಒಂದೇ ಗುಳಿಗೆ ಬೆಕ್ಕನ್ನೋ ಸಣ್ಣ ನಾಯಿಯನ್ನೋ ಕಾಯಿಲೆಗೆ ಬೀಳಿಸಬಲ್ಲದು. ದೇವರ ಮನೆಯ ಕರ್ಪೂರ ತಿಂದರೆ ಫಿಟ್ಸ್ ಬರುತ್ತದೆ. ಡಬ್ಬಿ ಮುಚ್ಚಿಡಿ. ನಾಯಿಯ ಉಣ್ಣಿಗೆ ಬೆನ್ನ ಮೇಲೆ ಹಾಕುವ ಹನಿ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಅದನ್ನು ಬೆಕ್ಕಿಗೆ ಒಂದು ಹನಿಯೂ ಹಾಕಬೇಡಿ. ಹಾಕಿಸಿಕೊಂಡ ನಾಯಿಯನ್ನು ಅಪ್ಪಿ ಮಲಗಿದ ಬೆಕ್ಕಿಗೂ ನಡುಕ ಹತ್ತುತ್ತದೆ. ಸೊಳ್ಳೆ ಓಡಿಸುವ ಮಶೀನು ಅಕ್ವೇರಿಯಂ ಇರುವ ರೂಮಿನಲ್ಲಿ ಬೇಡ. ಆ ಜಾತಿಯ ರಾಸಾಯನಿಕ ಮೀನಿಗೆ ತುಂಬಾ ಕೆಟ್ಟದ್ದು.

ಲವ್ ಬರ್ಡ್ಸ್ ಸಾಕಿದವರು ಯಾರಾದರೂ ಇದ್ದೀರಾ? ನಿಮಗೆ ಒಂದು ಮಾತು. ನಾನ್‌ಸ್ಟಿಕ್ ದೋಸೆ ತವಾ ಒಲೆಯ ಮೇಲಿಟ್ಟು ಫೋನಿನಲ್ಲಿ ಮಾತಾಡುತ್ತಾ ಮರೆತರೆ, ಖಾಲಿ ತವಾ ವಿಪರೀತ ಕಾದು ಅದರ ಲೇಪದಿಂದ ಹೊಗೆ ಏಳುತ್ತದೆ. ನಮಗೆ ಅದರ ವಾಸನೆಯೂ ಗೊತ್ತಾಗದೆ ಇರಬಹುದು. ಪಕ್ಕದ ರೂಮಿನ ಹಕ್ಕಿ ನಿಮಿಷಗಳಲ್ಲಿ ಸಾಯುತ್ತದೆ. ಹಕ್ಕಿಯ ಶ್ವಾಸಕೋಶ ಅಷ್ಟು ಸೂಕ್ಷ್ಮ. ಹಕ್ಕಿ ಇರುವ ಮನೆಗೆ ಕಬ್ಬಿಣದ ಕಾವಲಿಯೇ ಸರಿ.

ಇಲಿ ಪಾಷಾಣಕ್ಕೆ ಬರುತ್ತೇನೆ. ಇದನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣ ಇದೆ. ಅಂಗಡಿಯಲ್ಲಿ ಸಿಗುವ ಬಣ್ಣದ ಕೇಕಿನಂಥದ್ದು ಸಾಮಾನ್ಯವಾಗಿ ಬ್ರೊಮಾಡಿಯೊಲೋನ್. ಅದು ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತದೆ. ದೇಹದಲ್ಲಿ ಮೊದಲೇ ಇದ್ದ ಹೆಪ್ಪುಗಟ್ಟಿಸುವ ಅಂಶ ಮುಗಿಯುವ ತನಕ, ಅಂದರೆ ಎರಡು ಮೂರು ದಿನ, ನಾಯಿ ಓಡಾಡಿಕೊಂಡೇ ಇರುತ್ತದೆ. ಆಮೇಲೆ ಮೂಗಿನಲ್ಲಿ ರಕ್ತ, ಎದೆಯೊಳಗೆ ರಕ್ತ. ತಿಂದ ದಿನವೇ ಬಂದರೆ ವಾಂತಿ ಮಾಡಿಸಿ, ವಿಟಮಿನ್ ಕೆ1 ಶುರುಮಾಡಿ, ಮೂರು ನಾಲ್ಕು ವಾರ ಮಾತ್ರೆ ಕೊಟ್ಟರೆ ಏನೂ ಆಗದ ಹಾಗೆ ಉಳಿಯುತ್ತದೆ. ಇನ್ನೊಂದು, ಬೂದುಗಪ್ಪು ಪುಡಿ, ಜಿಂಕ್ ಫಾಸ್ಫೈಡ್. ಅದು ಹೊಟ್ಟೆಯ ಆಮ್ಲದ ಜೊತೆ ಸೇರಿ ಫಾಸ್ಫೀನ್ ಎಂಬ ವಿಷಾನಿಲ ಆಗುತ್ತದೆ. ಅದಕ್ಕೆ ಪ್ರತ್ಯೌಷಧ ಇಲ್ಲ. ಊಟ ಹಾಕಿದರೆ ಆಮ್ಲ ಹೆಚ್ಚಾಗಿ ಅನಿಲವೂ ಹೆಚ್ಚಾಗುತ್ತದೆ. ಆ ನಾಯಿ ವಾಂತಿ ಮಾಡಿದರೆ ಕಿಟಕಿ ಬಾಗಿಲು ತೆಗೆಯಿರಿ, ಆ ಅನಿಲ ನಿಮಗೂ ವಿಷ. ನೋಡಿ, ಎರಡಕ್ಕೂ ಇಲಿ ಪಾಷಾಣ ಅಂತಲೇ ಹೆಸರು. ಚಿಕಿತ್ಸೆ ಪೂರ್ತಿ ಬೇರೆ. ಹಾಗಾಗಿ ಪ್ಯಾಕೆಟ್ ತನ್ನಿ. ಹರಿದ ತುಂಡಾದರೂ ಸರಿ, ತನ್ನಿ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಪಾಷಾಣ ಇಡಿಸುವಾಗ ಯಾವುದನ್ನು, ಎಲ್ಲೆಲ್ಲಿ ಇಟ್ಟರು ಎಂದು ಬರೆಸಿಕೊಳ್ಳಿ.

ಹಾಗಾದರೆ ತಿಂದದ್ದು ಕಂಡ ತಕ್ಷಣ ಏನು ಮಾಡಬೇಕು? ಏನು ಮಾಡಬಾರದು ಎನ್ನುವುದೇ ಇಲ್ಲಿ ಮುಖ್ಯ.

ಉಪ್ಪು ನೀರು ಕುಡಿಸಬೇಡಿ. ನಮ್ಮಲ್ಲಿ ಎಲ್ಲರಿಗೂ ಮೊದಲು ಹೊಳೆಯುವುದು ಅದೇ. ಒಂದು ದೊಡ್ಡ ಚಮಚ ಪುಡಿ ಉಪ್ಪು ಸುಮಾರು 18 ಗ್ರಾಂ. ನಾಯಿಗೆ ಕಿಲೋಗೆ 4 ಗ್ರಾಂ ಉಪ್ಪು ಪ್ರಾಣ ತೆಗೆಯುತ್ತದೆ. 5 ಕಿಲೋ ನಾಯಿಗೆ ಒಂದೇ ಚಮಚದಲ್ಲಿ ನೀವು ಆ ಗಡಿಯ ಹತ್ತಿರ ಬಂದಿರುತ್ತೀರಿ. ವಾಂತಿ ಬರದಿದ್ದರೆ ಇನ್ನೊಂದು ಚಮಚ ಎನ್ನುತ್ತೀರಿ. ಚಾಕೊಲೇಟಿನಿಂದ ಸಾಯದ ನಾಯಿ ಉಪ್ಪಿನಿಂದ ಸಾಯುತ್ತದೆ. ವಿಷಕ್ಕೆ ಹುಣಸೆ ನೀರು ಕುಡಿಸುವ ರೂಢಿಯೂ ಹಳ್ಳಿಗಳಲ್ಲಿದೆ. ಹುಣಸೆಯ ಬಗ್ಗೆ ಆಗಲೇ ಹೇಳಿದ ಕಾರಣಕ್ಕೆ ನಾಯಿಗೆ ಅದೂ ಬೇಡ. ಇಂಟರ್‌ನೆಟ್ಟಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಕುಡಿಸಿ ಎಂದು ಓದಿರುತ್ತೀರಿ. ಆ ದೇಶಗಳಲ್ಲಿ ವೈದ್ಯರು ಫೋನಿನಲ್ಲಿ ಹೇಳಿದ ಮೇಲೆ ನಾಯಿಗೆ ಕೊಡುವುದು 3 ಪರ್ಸೆಂಟಿನದ್ದು. ನಮ್ಮ ಔಷಧಿ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು 6 ಪರ್ಸೆಂಟಿನದ್ದು. ಅದು ಹೊಟ್ಟೆಯ ಒಳಪದರ ಸುಡುತ್ತದೆ. ಬೆಕ್ಕಿಗಂತೂ ಯಾವತ್ತೂ ಕೂಡದು.

ಆಸಿಡ್, ಕಾಸ್ಟಿಕ್, ಸೀಮೆಎಣ್ಣೆ, ಫಿನಾಯಿಲ್, ಈ ನಾಲ್ಕು ಕುಡಿದಿದ್ದರೆ ವಾಂತಿ ಮಾಡಿಸಲೇಬಾರದು. ಮೊದಲ ಎರಡು ಇಳಿಯುವಾಗ ಸುಟ್ಟದ್ದನ್ನು ಹತ್ತುವಾಗ ಮತ್ತೆ ಸುಡುತ್ತವೆ. ಉಳಿದವು ವಾಂತಿಯ ಜೊತೆ ಶ್ವಾಸಕೋಶಕ್ಕೆ ಹೋಗುತ್ತವೆ. ಪ್ರಾಣಿ ಎಚ್ಚರವಾಗಿದ್ದರೆ ಬಾಯಿ ನೀರಿನಲ್ಲಿ ತೊಳೆಯಿರಿ. ಮೈಗೆ ಬಿದ್ದಿದ್ದರೆ ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ತೊಳೆದು ಟವೆಲ್ ಸುತ್ತಿ. ಆಮೇಲೆ ನೆಕ್ಕಲು ಬಿಡಬೇಡಿ. ಎಚ್ಚರ ತಪ್ಪಿದ ಪ್ರಾಣಿಯ ಬಾಯಿಗೆ ಹಾಲು, ಎಳನೀರು, ಏನನ್ನೂ ಹಾಕಬೇಡಿ.

ಹೊರಡುವ ಮೊದಲು ಫೋನ್ ಮಾಡಿ. ಏನು, ಎಷ್ಟು, ಯಾವಾಗ, ಪ್ರಾಣಿಯ ತೂಕ ಎಷ್ಟು, ಈ ನಾಲ್ಕು ಹೇಳಿದರೆ ನೀವು ಬರುವಷ್ಟರಲ್ಲಿ ನಾವು ಲೆಕ್ಕ ಹಾಕಿ ತಯಾರಾಗಿರುತ್ತೇವೆ. ತುಟಿ ಎತ್ತಿ ಒಸಡು ನೋಡುವುದನ್ನು ಆರೋಗ್ಯವಾಗಿರುವಾಗಲೇ ಅಭ್ಯಾಸ ಮಾಡಿಕೊಳ್ಳಿ. ಗುಲಾಬಿ ಬಣ್ಣದ ಜಾಗದಲ್ಲಿ ಬೆರಳಿನಿಂದ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಬಿಳಿ, ಹಳದಿ, ಕಂದು, ನೀಲಿ, ಇವುಗಳಲ್ಲಿ ಯಾವುದು ಕಂಡರೂ ಕಾಯುವ ಹೊತ್ತು ಅದಲ್ಲ. ರಾತ್ರಿ ತೆರೆದಿರುವ ಪ್ರಾಣಿ ಆಸ್ಪತ್ರೆ ನಿಮ್ಮ ಊರಿನಲ್ಲಿ ಯಾವುದು ಎಂದು ಇವತ್ತೇ ಕೇಳಿಟ್ಟುಕೊಳ್ಳಿ. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗ, ಬೀದರ್, ಇಲ್ಲೆಲ್ಲ ಪಶುವೈದ್ಯಕೀಯ ಕಾಲೇಜುಗಳಿವೆ, ಅವುಗಳ ಆಸ್ಪತ್ರೆಗಳ ವೇಳೆ ತಿಳಿದುಕೊಂಡಿರಿ.

ಹಿಂದಿನ ಸಾಲಿನಿಂದ ಒಬ್ಬರು ಅಮ್ಮ ಕೇಳುತ್ತಿದ್ದಾರೆ, ಹಾಗಾದರೆ ನೆಲ ಯಾವುದರಲ್ಲಿ ಒರೆಸಬೇಕು ಎಂದು. ದಿನಾ ಒರೆಸಲು ಬಿಸಿ ನೀರಿಗೆ ಸ್ವಲ್ಪ ಪಾತ್ರೆ ಸೋಪು ಸಾಕು ಅಮ್ಮಾ. ಲಿಕ್ವಿಡ್ ಹಾಕಲೇಬೇಕು ಎಂದಿದ್ದರೆ ಬಾಟಲಿಯ ಮೇಲೆ ಹೇಳಿದಷ್ಟೇ ಮುಚ್ಚಳ ಹಾಕಿ, ಕಣ್ಣಂದಾಜಿನಲ್ಲಿ ಸುರಿಯಬೇಡಿ. ಕೆಲಸಕ್ಕೆ ಬರುವವರಿಗೂ ಅಳತೆ ತೋರಿಸಿಕೊಡಿ. ಒರೆಸಿದ ಮೇಲೆ ಒಮ್ಮೆ ಬರೀ ನೀರಿನಲ್ಲಿ ಒರೆಸಿ, ಫ್ಯಾನ್ ಹಾಕಿ, ಪೂರ್ತಿ ಒಣಗುವ ತನಕ ಬೆಕ್ಕನ್ನು ಆ ರೂಮಿಗೆ ಬಿಡಬೇಡಿ. ಬಕೆಟ್ಟಿನ ನೀರನ್ನು ಆಗಲೇ ಚೆಲ್ಲಿಬಿಡಿ. ಬಾಯಾರಿದ ನಾಯಿ ಅದನ್ನೂ ಕುಡಿಯುತ್ತದೆ.